ಅಪ್ಪ ಪಕ್ಕದ ಮನೆಗೆ ಸಿನಿಮಾಕ್ಕೆ ಹೋದ ಬೇಸಿಗೆ

ಮಧ್ಯಾಹ್ನವೆಂದರೆ ಕತ್ತಲೆ ಎಂದು ನಾವು ತಿಳಿದಿದ್ದ ದಿನಗಳವು. ಬರೋಡಾದ ಮೇ ತಿಂಗಳ ಬಿಸಿಲಿಗೆ ಹೆದರಿ ರೈಲ್ವೆ ಕಾಲೊನಿಯ ಮನೆಮನೆಯಲ್ಲೂ ಊಟವಾದ ಕೂಡಲೇ ಕಿಟಕಿಗೆ ದಪ್ಪ ಚಾದರ ಬೀಳುತ್ತಿತ್ತು. ಕೂಲರಿನ ಹುಲ್ಲು ನೆನೆದು ಲಾವಂಚದ ವಾಸನೆ ಕೋಣೆ ತುಂಬುತ್ತಿತ್ತು. ದೊಡ್ಡವರು ನೆಲ ಒರೆಸಿ, ಆ ತಂಪಿಗೆ ಚಾಪೆ ಹಾಸಿ ಮಲಗಿದರೆ, ನಾವು ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಜಾರಿ ಬೇವಿನ ಮರದಡಿ 'ಥಪ್ಪೋ' ಆಡುತ್ತಿದ್ದೆವು. ಅದು ಗುಜರಾತಿನ ಕಣ್ಣಾಮುಚ್ಚಾಲೆ. ಇಂಥ ಮಧ್ಯಾಹ್ನಗಳು ನಿಮಗೂ ಇದ್ದಿರಬೇಕು. ನಾನು ಆರನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮಾತ್ರ ಅವನ್ನೆಲ್ಲ ಹೊಟ್ಟೆಕಿಚ್ಚಿನಲ್ಲೇ ಕಳೆದೆ.

ಅಪ್ಪ ಧಾರವಾಡದ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ವರ್ಗವಾಗಿ ಬರೋಡಾಕ್ಕೆ ಬಂದಾಗ ನಾನಿನ್ನೂ ಬಾಲವಾಡಿಯ ಕೂಸು. ಮನೆಯಲ್ಲಿ ಅಪ್ಪ ಮಾತಾಡುತ್ತಿದ್ದುದು ಬಹಳ ಕಡಿಮೆ. "ಊಟಾತ?" "ಅಭ್ಯಾಸ ಆತ?" ನಾನು "ಹೂಂ" ಅಂದರೆ ಆ ದಿನದ ಮಾತು ಮುಗಿಯಿತು. ಅಪ್ಪಂದಿರು ಇರುವುದೇ ಹೀಗೆ ಅಂದುಕೊಂಡಿದ್ದೆನಾದ್ದರಿಂದ ನನಗೆ ಅದೊಂದು ಕೊರತೆಯಾಗಿ ಕಂಡಿರಲೇ ಇಲ್ಲ.

ಗೋಡೆಯಾಚೆ ಹಂಸಾಬೆನ್ ಅವರ ಮನೆ. ಅವರ ಗಂಡ ಗೂಡ್ಸ್ ಗಾಡಿಯ ಗಾರ್ಡು. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಒಬ್ಬಳೇ ಮಗಳು ಕಿನ್ನರಿ, ನನ್ನದೇ ವಯಸ್ಸು. ನಾನು ಹಿಂದಿ ಶಾಲೆ, ಆಕೆ ಗುಜರಾತಿ ಶಾಲೆ. ಮಾತಿಗೆ ಅದೇನೂ ಅಡ್ಡ ಬರುತ್ತಿರಲಿಲ್ಲ. ಕಾಲೊನಿಯ ಮಕ್ಕಳೆಲ್ಲರಿಗೂ ಎರಡೂ ಬರುತ್ತಿದ್ದವು. ಹಂಸಾಬೆನ್ ಗಚ್ಚಿಯ ಮೇಲೆ ಛುಂದೋ ಒಣಗಿಸಲು ಇಟ್ಟಾಗ, ಅಂದರೆ ತುರಿದ ಮಾವಿನಕಾಯಿಗೆ ಸಕ್ಕರೆ ಬೆರೆಸಿ ಬಟ್ಟೆ ಕಟ್ಟಿ ಬಿಸಿಲಿಗಿಟ್ಟಾಗ, ಕಾಗೆ ಓಡಿಸುವ ನೆಪದಲ್ಲಿ ನಾವಿಬ್ಬರು ಹುಡುಗಿಯರೂ ಬೆರಳದ್ದಿ ನೆಕ್ಕುತ್ತಿದ್ದೆವು.

ಆ ಬೇಸಿಗೆಯಲ್ಲಿ ಹಂಸಾಬೆನ್ನರ ತಮ್ಮ ತನ್ನ ವಿಡಿಯೊ ಲೈಬ್ರರಿ ಮುಚ್ಚಿದ. ಕೇಬಲ್ ಬಂದ ಮೇಲೆ ಕ್ಯಾಸೆಟ್ ಒಯ್ಯುವವರೇ ಇರಲಿಲ್ಲವಂತೆ. ಹಿಂದಿ ಚಿತ್ರಗಳನ್ನು ನೆಂಟರಿಷ್ಟರು ಹಂಚಿಕೊಂಡರು. ಯಾರಿಗೂ ಬೇಡವಾಗಿ ಉಳಿದ ಇಂಗ್ಲಿಷ್ ಕ್ಯಾಸೆಟ್ಟುಗಳ ದೊಡ್ಡ ಡಬ್ಬ, ಜೊತೆಗೊಂದು ವಿಸಿಆರ್, ಅಕ್ಕನ ಮನೆಗೆ ಬಂದವು. ಡಬ್ಬ ತೆರೆದರೆ ಮುಗ್ಗಲು ವಾಸನೆ, ಡಾಂಬರ್ ಗುಳಿಗೆಯ ವಾಸನೆ. ಒಳಗಿದ್ದವೆಲ್ಲ ಹತ್ತು ಹದಿನೈದು ವರ್ಷ ಹಳೆಯ ಚಿತ್ರಗಳು: ಯಂತ್ರಮಾನವರು, ಆಕಾಶನೌಕೆಗಳು, ದೀಪದ ಜಾಹೀರಾತುಗಳ ಕೆಳಗೆ ಸದಾ ಮಳೆಯಲ್ಲಿ ನೆನೆಯುವ ಮುಂದಿನ ಕಾಲದ ಪಟ್ಟಣಗಳು. ನಮಗಿಬ್ಬರಿಗೂ ಆ ಇಂಗ್ಲಿಷಿನ ಒಂದು ಮಾತೂ ಹತ್ತಲಿಲ್ಲ. ಆದರೂ ಆಟ ಬಿಟ್ಟು ಕೂತೆವು.

ಎರಡನೆಯ ದಿನವೋ ಮೂರನೆಯ ದಿನವೋ, ಬೆಳಗಿನ ಪಾಳಿ ಮುಗಿಸಿದ ಅಪ್ಪ ನನ್ನನ್ನು ಊಟಕ್ಕೆ ಕರೆಯಲು ಬಂದರು. ಕೈಯಲ್ಲಿ ಖಾಲಿ ಡಬ್ಬಿಯ ಚೀಲ. ಬಾಗಿಲಲ್ಲೇ ನಿಂತು ಟೀವಿ ನೋಡಿದರು. ಅದರಲ್ಲಿ ಒಬ್ಬ ಹೆಂಗಸು ಹೊಟ್ಟೆಪಾಡಿಗಾಗಿ ತನ್ನ ನೆನಪುಗಳನ್ನು ಶ್ರೀಮಂತರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಅವಳ ಹಣೆಗೆ ತಂತಿ ಹಚ್ಚಿ ಏನನ್ನೋ ತೆಗೆಯುತ್ತಿದ್ದರು. ಅಪ್ಪ ಒಂದು ಹೆಜ್ಜೆ ಒಳಗೆ ಬಂದರು. ಆಮೇಲೆ ಕೆಳಗೆ ಕೂತರು. ನಮಗೆ ಏನೂ ತಿಳಿಯುತ್ತಿಲ್ಲವೆಂದು ಗೊತ್ತಾದಾಗ, ತಮ್ಮ ಹರುಕು ಗುಜರಾತಿಯಲ್ಲಿ ಕಥೆ ಹೇಳತೊಡಗಿದರು.

ಕಿನ್ನರಿ ಕೇಳಿದಳು, "ಕಾಕಾ, ಅವಳು ಚಿಕ್ಕಂದಿನದೆಲ್ಲ ಬಾಡಿಗೆಗೆ ಕೊಟ್ಟುಬಿಟ್ಟರೆ, ಎದುರಿಗೆ ಅವಳ ತಾಯಿಯೇ ಬಂದರೂ ಗುರುತು ಹತ್ತುವುದಿಲ್ಲವಲ್ಲ?"

ಅಪ್ಪ ವಿಸಿಆರಿನ ಗುಂಡಿ ಒತ್ತಿದರು. ಚಿತ್ರ ನಿಂತಲ್ಲೇ ನಡುಗುತ್ತಿತ್ತು. ಅವರು ಕಿನ್ನರಿಯ ಕಡೆ ಪೂರ್ತಿ ತಿರುಗಿ ಕೂತು, "ಬಹು ಸರಸ್ ಸವಾಲ್ ಛೇ, ಬೇಟಾ!" ಅಂದರು. ಬಹಳ ಒಳ್ಳೆಯ ಪ್ರಶ್ನೆ ಎಂದು. ಆಮೇಲೆ ಸಿಗ್ನಲ್ ತಂತಿಗಳೆಲ್ಲ ಬಂದು ಸೇರುವ ತಮ್ಮ ರಿಲೇ ರೂಮಿನ ಉದಾಹರಣೆ ಕೊಟ್ಟು, ಒಂದು ತಂತಿ ಕಿತ್ತರೆ ಇಡೀ ಸಿಗ್ನಲ್ ಹೇಗೆ ದಾರಿ ತಪ್ಪುತ್ತದೆ ಎಂದು ಕೈಯಾಡಿಸಿ ವಿವರಿಸಿದರು. ಅವರ ಕೈಗಳು ಅಷ್ಟು ಮಾತಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಹೊಟ್ಟೆಯಲ್ಲಿ ಏನೋ ಚುರ್ ಎಂದಿತು. ಹಸಿವೆ ಅಂದುಕೊಂಡೆ.

ಮರುದಿನದಿಂದ ಅಪ್ಪ ಡ್ಯೂಟಿ ಮುಗಿಸಿ ನೇರವಾಗಿ ಅಲ್ಲಿಗೇ ಬರತೊಡಗಿದರು. ಅವ್ವ ನಮ್ಮ ಬಾಗಿಲಿಂದ ಹೊರಗೆ ಇಣುಕಿ, "ನಿಮ್ಮಪ್ಪ ಬಂದಂಗ ಕಾಣಸ್ತದ. ಚಪ್ಪಲಿ ಬಾಜೂ ಮನಿ ಮುಂದ ಅದಾವ," ಅನ್ನುತ್ತಿದ್ದಳು. ಊಟಕ್ಕೆ ಕೂತಾಗ ಒಮ್ಮೆ ಕೇಳಿಯೇಬಿಟ್ಟಳು: "ಅದೇನ್ರೀ, ಮಾತಿಗೊಮ್ಮೆ ಸರಸ ಸರಸ ಅಂತೀರಿ? ನಮ್ಮೂರಾಗ ಹಂಗಂದ್ರ ಮಂದಿ ನಕ್ಕಾರು." ಅಪ್ಪ ಜೋರಾಗಿ ನಕ್ಕರು. ಆ ನಗುವೂ ಪಕ್ಕದ ಮನೆಯಿಂದಲೇ ತಂದದ್ದು ಎನ್ನಿಸಿ ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಹಂಸಾಬೆನ್ನರ ಮನೆಯ ನಡುಮನೆಯಲ್ಲಿ ಹಲಗೆಯ ತೂಗುಮಂಚವಿತ್ತು. ನಾನು ಅದರ ಮೇಲೆ ಕೂತಿರುತ್ತಿದ್ದೆ. ಅವರಿಬ್ಬರೂ ಕೆಳಗೆ, ಟೀವಿಗೆ ಹತ್ತಿರ. ತೋಳಿನಿಂದ ಹಿಡಿದು ಮೈಯನ್ನೆಲ್ಲ ಯಂತ್ರ ಮಾಡಿಸಿಕೊಂಡ ಒಬ್ಬ ವೈದ್ಯ, ಟೆಲಿಫೋನ್ ತಂತಿಯೊಳಗೆ ಹೋಗಿ ಬರೀ ದನಿಯಾಗಿಬಿಟ್ಟ ಒಬ್ಬ ನೌಕರ, ಹೀಗೆ ಏನೇನೋ ಬಂದುಹೋದವು. ಕಿನ್ನರಿ ಕೇಳುವಳು, ಅಪ್ಪ ಚಿತ್ರ ನಿಲ್ಲಿಸುವರು, ಅವಳ ಕಡೆ ತಿರುಗುವರು. ಹಂಸಾಬೆನ್ ಪುರಿಯ ಜೊತೆ ಬಟ್ಟಲಲ್ಲಿ ಮಾವಿನ ರಸ ತಂದು ನನ್ನ ಕೈಗೆ ಕೊಟ್ಟು, "ನಿಮ್ಮಪ್ಪ ಎಷ್ಟು ಮಾತುಗಾರರು! ಇವಳ ಅಪ್ಪನಿಗೆ ಮನೆಗೆ ಬಂದರೆ ನಿದ್ದೆಯೊಂದೇ," ಅನ್ನುತ್ತಿದ್ದರು. ರಸ ಸಿಹಿಯಾಗಿಯೇ ಇತ್ತು.

ನಾನೂ ಒಂದು ಪ್ರಶ್ನೆ ಕೇಳಬೇಕೆಂದು ನಿಶ್ಚಯಿಸಿದೆ. ರಾತ್ರಿಯೆಲ್ಲ ಹೊಂದಿಸಿ, ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಾಯಿಪಾಠ ಮಾಡಿದೆ. ಮಧ್ಯಾಹ್ನ ಚಿತ್ರ ಶುರುವಾದ ಕೂಡಲೇ ಕೇಳಿದೆ: "ಅಪ್ಪಾ, ಮಶೀನಿಗೆ ಸಿಟ್ಟು ಬರ್ತದೇನು?" ಅದೇನಾಯಿತೆಂದರೆ, ಆ ದಿನದ ಚಿತ್ರದಲ್ಲಿ ಯಂತ್ರವೇ ಇರಲಿಲ್ಲ, ನೀರಿನಡಿಯ ಒಂದು ಊರಿನ ಕಥೆ ಅದು. ಅಪ್ಪ ತೆರೆಯಿಂದ ಕಣ್ಣು ತೆಗೆಯದೆ, "ನೋಡು, ಮುಂದ ತಿಳೀತದ," ಅಂದರು. ಗುಂಡಿ ಒತ್ತಲಿಲ್ಲ. ನನ್ನ ಕಡೆ ತಿರುಗಲಿಲ್ಲ.

ಅದೇ ವಾರ ಸ್ಟೇಷನ್ನಿನ ಹತ್ತಿರ ಗೋಡೆಯ ಮೇಲೆ ಒಂದು ಪೋಸ್ಟರ್ ಕಂಡಿತು. ಬೆಳ್ಳಿಬಣ್ಣದ ಅಂಗಿ ತೊಟ್ಟ ಜನ, ಮೇಲೊಂದು ಗಾಜಿನ ಗುಮ್ಮಟ. ಹಳೆಯ ಚಿತ್ರ, ಭಾನುವಾರ ಬೆಳಗಿನ ಆಟಕ್ಕೆ ಮಾತ್ರ. ಮನೆಗೆ ಬಂದು ಹೇಳಿದೆ:

"ಅಪ್ಪಾ, ಈ ಐತವಾರ ನನಗ ಅದಕ್ಕ ಕರ್ಕೊಂಡ ಹೋಗ್ರಿ."

"ಅಗದೀ ಛಲೋ ಆತು. ಕಿನ್ನರಿಗೂ ಹೇಳ್ತೀನಿ."

"ಬ್ಯಾಡ. ನಾವಿಬ್ರ ಹೋಗೂಣು."

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ, "ಆತು," ಅಂದರು.

ಭಾನುವಾರ ನಾನು ದೀಪಾವಳಿಯ ಲಂಗ ಹಾಕಿಕೊಂಡೆ. ಅವ್ವ ಮಲ್ಲಿಗೆ ಮುಡಿಸಿದಳು. ಸ್ಕೂಟರಿನ ಮೇಲೆ ಹಿಂದೆ ಕೂತು ಅಪ್ಪನ ಅಂಗಿ ಹಿಡಿದು ಹೊರಟಾಗ ಕಿನ್ನರಿ ಗೇಟಿನ ಹತ್ತಿರ ನಿಂತಿದ್ದಳು. ನಾನು ಬೇಕೆಂದೇ ಕೈಬೀಸಿದೆ. ಇಡೀ ಬರೋಡಾ ನನ್ನದಾಗಿತ್ತು.

ಥಿಯೇಟರಿನಲ್ಲಿ ಕಾಲೇಜು ಹುಡುಗರು ಬಿಟ್ಟರೆ ಜನವಿರಲಿಲ್ಲ. ಗಾಜಿನ ಗುಮ್ಮಟದೊಳಗೆ ಒಂದು ಊರು. ಹೊರಗೆ ಏನೂ ಇಲ್ಲವೆಂದು ಜನರನ್ನು ನಂಬಿಸಿದ್ದಾರೆ ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದರು. ಅಷ್ಟು ಹೇಳಿ ಕಾದರು. ನಾನು "ಹೂಂ" ಅಂದೆ. ಮತ್ತೆ ಸ್ವಲ್ಪ ಹೇಳಿ ಕಾದರು. ಮತ್ತೆ "ಹೂಂ" ಅಂದೆ. ಅವರು ನನಗಾಗಿಯೇ ಬಾಗಿ ಮಾತಾಡುತ್ತಿದ್ದಾರೆ ಎಂಬುದರಲ್ಲೇ ನನ್ನ ಮನಸ್ಸು ತುಂಬಿತ್ತು. ಏನು ಹೇಳುತ್ತಿದ್ದಾರೆ ಎಂಬುದು ಒಳಗೆ ಇಳಿಯುತ್ತಿರಲಿಲ್ಲ. ಆಮೇಲಾಮೇಲೆ ಅವರು ಸುಮ್ಮನಾದರು.

ಮಧ್ಯಂತರದಲ್ಲಿ ದೀಪ ಹತ್ತಿದಾಗ ಅಪ್ಪ ಕಾಲು ಚಾಚಿ, ಯೋಚನೆಯೇನೂ ಮಾಡದೆ ಅಂದರು: "ಕಿನ್ನರಿ ಇದ್ದಿದ್ರ ಇಷ್ಟೊತ್ತಿಗೆ ನಾಕು ಪ್ರಶ್ನಿ ಕೇಳಿರತಿದ್ಲು ನೋಡು."

"ಹಂಗಿದ್ರ ಆಕೀನ್ನ ಮಗಳನ್ನ ಮಾಡಿ ಇಟಗೋರಿ! ನಾ ಹಂಸಾಬೆನ್ನ ಮನ್ಯಾಗ ಇರತೀನಿ."

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಅಪ್ಪ ಬೈಯಲಿಲ್ಲ. ನನ್ನ ಕೈ ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದರು. ಉಳಿದ ಅರ್ಧ ಚಿತ್ರ ನಾವು ನೋಡಲೇ ಇಲ್ಲ.

ಬೀದಿಬದಿಯ ಅಂಗಡಿಯಲ್ಲಿ ಬಿಸಿ ಸೇವ್ ಉಸಳ್ ಹೇಳಿದರು. ಬಟಾಣಿಯ ಆ ಖಾರ ಸಾರಿನ ಮೇಲೆ ಸೇವು ತೇಲುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಖಾರದ ಮೇಲೆ ಹಾಕಬಹುದಿತ್ತು. ನಾನು ಹಾಗೇ ಮಾಡಿದೆ. ಸ್ವಲ್ಪ ಹೊತ್ತಿಗೆ ಅಪ್ಪ ಮೆಲ್ಲಗೆ ಹೇಳಿದರು:

"ನೀ ತೆರಿ ನೋಡೂದ ಬಿಟ್ಟು ನನ್ನ ಮಾರಿ ನೋಡ್ಕೋತ ಕೂಡತಿ. ನಿನಗ ಸಿನಿಮಾ ಸೇರಂಗಿಲ್ಲ ಅಂತ ತಿಳಕೊಂಡಿದ್ದೆ ನಾ."

"ನೀವು ನಮ್ಮ ಮನ್ಯಾಗ ಹಂಗ ಮಾತಾಡಂಗಿಲ್ಲ. ಅದಕ್ಕ ನೋಡತೀನಿ."

ಅಪ್ಪ ಚಮಚವನ್ನು ತಟ್ಟೆಯಲ್ಲಿಟ್ಟರು. "ಮನ್ಯಾಗ ಏನ ಮಾತಾಡಬೇಕು ಅನ್ನೂದು ನನಗ ಗೊತ್ತಾಗಂಗಿಲ್ಲವಾ," ಅಂದರು. "ಅಲ್ಲೆ ಸಿನಿಮಾ ಇರ್ತದ. ಮಾತು ತಾನ ಬರ್ತದ."

ಅಷ್ಟು ದೊಡ್ಡ ಮನುಷ್ಯನಿಗೆ ಒಂದು ವಿಷಯ ಗೊತ್ತಿಲ್ಲ ಎನ್ನುವುದನ್ನು ನಾನು ಆಗ ನಂಬಲಿಲ್ಲ. ನೆಪ ಹೇಳುತ್ತಿದ್ದಾರೆ ಅಂದುಕೊಂಡೆ.

ಮರುದಿನ ಅಪ್ಪ ಡ್ಯೂಟಿಯಿಂದ ನೇರವಾಗಿ ಮನೆಗೆ ಬಂದರು. ಅದರ ಮರುದಿನವೂ. ನನ್ನ ಸಲುವಾಗಿಯೇ ಎಂದು ನನಗೆ ಗೊತ್ತಿತ್ತು, ಗೆದ್ದೆನೆಂಬ ಸಂತೋಷವೂ ಇತ್ತು. ಆದರೆ ಅಪ್ಪ ಪೇಪರ್ ಹಿಡಿದು ಕೂತರು. "ಊಟಾತ?" ಅಂದರು. ನಾನು "ಹೂಂ" ಅಂದೆ. ಅವರು ಇನ್ನೇನಾದರೂ ಕೇಳಲು ಬಾಯಿ ತೆರೆದವರಂತೆ ಕಂಡರು. ಏನೂ ಸಿಗದೆ ಮತ್ತೆ ಪೇಪರಿಗೆ ಹೋದರು. ನಾನೂ ಏನಾದರೂ ಹೇಳಬೇಕೆಂದು ನೋಡಿದೆ. ನನಗೂ ಸಿಗಲಿಲ್ಲ. ಗೋಡೆಯಾಚೆ ಟೀವಿಯ ಸದ್ದಿರಲಿಲ್ಲ. ಕೂಲರ್ ಒಂದೇ ಗುರ್ ಎನ್ನುತ್ತಿತ್ತು.

ಕಿನ್ನರಿ ಬಂದು ಬಾಗಿಲಲ್ಲಿ ನಿಂತು ಕೇಳಿದಳು, "ಕಾಕಾಗೆ ಮೈ ಹುಷಾರಿಲ್ಲವಾ?" ಅಪ್ಪ ನನ್ನ ಕಡೆ ನೋಡಿದರು. ಅಪ್ಪಣೆ ಕೇಳುವವರ ಹಾಗೆ ನೋಡಿದರು.

"ಹೋಗ್ರಿ," ಅಂದೆ. "ನಾನೂ ಬರತೀನಿ."

ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ ಅದು. ನಮ್ಮ ಮನೆಯಲ್ಲಿ ಮೂಕನಾಗಿ ಕೂತ ಅಪ್ಪನಿಗಿಂತ ಅವಳ ಮನೆಯಲ್ಲಿ ಮಾತಾಡುವ ಅಪ್ಪನೇ ವಾಸಿ ಎನ್ನಿಸಿತ್ತು. ಕದ್ದಾದರೂ ಕೇಳಬಹುದಲ್ಲ. ಜೂನಿನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಡಬ್ಬದಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಅವರಿಬ್ಬರೂ ನೋಡಿ ಮುಗಿಸಿದರು. ನಾನು ತೂಗುಮಂಚದ ಮೇಲಿಂದ ಅವರಿಬ್ಬರನ್ನು ನೋಡಿ ಮುಗಿಸಿದೆ.

ಮುಂದೆ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಕಿನ್ನರಿ ಮದುವೆಯಾಗಿ ಸೂರತ್ತಿಗೆ ಹೋದಳು. ಆ ಚಿತ್ರಗಳಿಗೆಲ್ಲ ಈಗ ಭಾರೀ ಹೆಸರಂತೆ. ಹುಡುಕಿದರೆ ಫೋನಿನಲ್ಲೇ ಸಿಗುತ್ತವೆ. ಕೆಲವನ್ನು ಹಾಕಿ ನೋಡಿದೆ. ಎಲ್ಲವೂ ನನಗೆ ಹೊಸವು. ಒಂದರ ಕೊನೆಯೂ ನನಗೆ ನೆನಪಿಲ್ಲ. ಮಧ್ಯದಲ್ಲಿ ಯಾರೂ ನಿಲ್ಲಿಸದೆ ಅವು ಎಷ್ಟು ಬೇಗ ಮುಗಿದುಹೋಗುತ್ತವೆ!

ಅಪ್ಪ ತೀರಿಕೊಂಡ ಸುದ್ದಿ ತಿಳಿದು ಕಿನ್ನರಿ ಸೂರತ್ತಿನಿಂದ ರೈಲಿನಲ್ಲಿ ಬಂದಳು. ಅವ್ವನ ಪಕ್ಕ ಕೂತು ಅತ್ತಳು. ಆಮೇಲೆ ನನಗೆ ಹೇಳಿದಳು, "ಕಾಕಾಗೆ ಸಿನಿಮಾ ಯಂತ್ರ ಓಡಿಸುವವನಾಗಬೇಕು ಅಂತ ಆಸೆಯಿತ್ತು. ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನ ಹಿಂದೆ ನಿಂತು, ಆ ಯಂತ್ರ ನೋಡುತ್ತ ಶಾಲೆ ತಪ್ಪಿಸುತ್ತಿದ್ದರಂತೆ. ನಿನಗೆ ಗೊತ್ತಿರಬೇಕಲ್ಲ."

ನನಗೆ ಗೊತ್ತಿರಲಿಲ್ಲ. ತೂಗುಮಂಚದ ಮೇಲೆ ಕೂತು ಅಪ್ಪನ ಮುಖ ನೋಡಿದ್ದೆನೇ ಹೊರತು ಮಾತು ಕೇಳಿಸಿಕೊಂಡಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಸೂತಕ, ಅಡಿಗೆಮನೆಯಲ್ಲಿ ನೆಂಟರು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆಯೊಳಗೆ ಆ ಹಳೆಯ ಉರಿ ಎದ್ದಿತು. ಇವಳು ಯಾರು, ನನ್ನಪ್ಪನನ್ನು ನನಗೆ ಹೇಳಲಿಕ್ಕೆ? ಆದರೆ ಬಾಯಿಂದ ಬಂದದ್ದು ಬೇರೆ.

"ಇನ್ನೊಂದು ಹೇಳು," ಅಂದೆ.

ಅಂದಿನಿಂದ ತಿಂಗಳಿಗೊಮ್ಮೆಯಾದರೂ ನಾನೇ ಫೋನ್ ಮಾಡುತ್ತೇನೆ. ಮಕ್ಕಳು, ಮಳೆ, ಮಂಡಿನೋವು ಎಂದೆಲ್ಲ ಮಾತಾಡಿ, ಕೊನೆಗೆ ಅಪ್ಪನ ಮಾತಿಗೆ ತರುತ್ತೇನೆ. ಅವಳು ಒಂದೊಂದಾಗಿ ಹೇಳುತ್ತಾಳೆ. ಉರಿಯುತ್ತಲೇ ಕೇಳುತ್ತೇನೆ.

ಮೊನ್ನೆ ಅವಳು ಹೇಳಿದ್ದು, ಹಿಂದೆ ಒಮ್ಮೆ ಹೇಳಿದ್ದೇ. ಮಾತು ಮಾತೂ ಅದೇ. ನಾನು ತಡೆಯಲಿಲ್ಲ. ಕೇಳುತ್ತ ಕೇಳುತ್ತ ಗೊತ್ತಾಯಿತು: ಅವಳ ಹತ್ತಿರವೂ ಅಪ್ಪ ಮುಗಿಯುತ್ತ ಬಂದಿದ್ದಾರೆ.