ನಾಯಿಯಕ್ಕನ ಜರ್ಮನ್ ಪಾಠ

ಬೆಳಗಿನ ಐದೂಮುಕ್ಕಾಲು. ಆರು ಮಹಡಿಯ ಕಟ್ಟಡದ ಗೇಟು ಕಿರ್ ಎನ್ನುತ್ತದೆ. ಮೊದಲು ಹೊರಬರುವುದು ಮೂಗುಗಳು, ಒಂದರ ಹಿಂದೊಂದು ಐದು. ಆಮೇಲೆ ಐದು ಹಗ್ಗ, ಕಡೆಗೆ ಆ ಹಗ್ಗಗಳನ್ನೆಲ್ಲ ಎಡಗೈಗೆ ಸುತ್ತಿಕೊಂಡ ಒಬ್ಬ ಗಿಡ್ಡ ಹೆಂಗಸು.

"ಲಾಂಗ್‌ಸಾಮ್, ಲಾಂಗ್‌ಸಾಮ್! ನಿಧಾನ ಕಣ್ರೋ, ಯಾವ ರೈಲೂ ತಪ್ಪಿಹೋಗ್ತಿಲ್ಲ!"

ಎದುರಿಗೆ ಸಿಕ್ಕ ಹಾಲಿನವನು ಸೈಕಲ್ಲು ಓರೆ ಮಾಡಿ ದಾರಿ ಬಿಡುತ್ತಾನೆ. "ಏನಕ್ಕ, ನಾಯಿಗೂ ಇಂಗ್ಲಿಷ್ ಶುರುವಾಯ್ತಾ?"

"ಇಂಗ್ಲಿಷಲ್ಲಪ್ಪ, ಜರ್ಮನ್. ಗೊತ್ತಿಲ್ದಿದ್ರೆ ಸುಮ್ನೆ ಹಾಲು ಹಾಕು."

ಬೀದಿಯವರೆಲ್ಲ ಇವರನ್ನು ಕರೆಯುವುದು ನಾಯಿಯಕ್ಕ ಎಂದೇ. ವಯಸ್ಸು ಐವತ್ತನಾಲ್ಕು. ಎರಡು ಸರದಿಯಲ್ಲಿ ದಿನಕ್ಕೆ ಒಂಬತ್ತು ನಾಯಿ, ಒಟ್ಟು ಹನ್ನೊಂದು ಕಿಲೋಮೀಟರ್ ನಡಿಗೆ, ಆರು ತಿಂಗಳಿಗೆ ಎರಡು ಜೊತೆ ಚಪ್ಪಲಿ. ಬಿಸಿಲಾಗಲಿ, ಮಂಜಾಗಲಿ, ಇದು ತಪ್ಪುವುದಿಲ್ಲ.

ಹಾಗಂತ ನಾಯಿಯೆಂದರೆ ಇವರಿಗೆ ಹುಟ್ಟಾ ಪ್ರೀತಿಯೇನಿರಲಿಲ್ಲ. ಏಳನೇ ವಯಸ್ಸಿನಲ್ಲಿ ಒಂದು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಗುರುತು ಈಗಲೂ ಇದೆ. ಇದೇ ಕಟ್ಟಡದ ಮೆಟ್ಟಿಲು ಗುಡಿಸುತ್ತಿದ್ದ ಹನ್ನೊಂದು ವರ್ಷವೂ ನಾಯಿ ಕಂಡರೆ ಪೊರಕೆ ಅಡ್ಡ ಹಿಡಿದು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಮೂರನೇ ಮಹಡಿಯ ಬ್ಯಾಂಕಿನವರು ಕಾಲು ಮುರಿದುಕೊಂಡಾಗ, ಕರುವಿನಷ್ಟೆತ್ತರದ ಅವರ ನಾಯಿಯನ್ನು ಹೊರಗೆ ಕರೆದೊಯ್ಯಲು ಯಾರೂ ಸಿಗಲಿಲ್ಲ. ಗೋಗರೆದಾಗ ಅಕ್ಕ ಇಲ್ಲವೆನ್ನಲಾರದೆ ಒಪ್ಪಿಕೊಂಡರು. "ನಾನು ಅದನ್ನ ಕರ್ಕೊಂಡು ಹೋಗ್ಲಿಲ್ಲ, ಅದೇ ನನ್ನನ್ನ ಎಳ್ಕೊಂಡು ಹೋಯ್ತು. ವಾಪಸ್ ಬರೋ ಹೊತ್ತಿಗೆ ಭಯ ಎಲ್ಲೋ ದಾರೀಲೇ ಬಿದ್ಹೋಗಿತ್ತು," ಎಂದು ನಗುತ್ತಾರೆ.

ಇನ್ನು ಜರ್ಮನ್ ವಿಚಾರ. ಎರಡನೇ ಮಹಡಿಯಲ್ಲಿ ಗಣಿತದ ಮೇಡಂ ಇದ್ದಾರೆ. ನಲವತ್ತೈದು ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದವರು, ಹುಟ್ಟುನುಡಿ ಜರ್ಮನ್. ಇಲ್ಲಿನ ಭಾಷೆ ಕಲಿತು, ಇಲ್ಲಿನ ಮಕ್ಕಳಿಗೇ ಗಣಿತ ತಿದ್ದಿದವರು. ಕಳೆದ ವರ್ಷ ಪಾರ್ಶ್ವವಾಯು ಹೊಡೆದಾಗ, ಕಲಿತ ಭಾಷೆ ಹಲಗೆ ಒರೆಸಿದಂತೆ ಅಳಿಸಿಹೋಯಿತು. ಉಳಿದದ್ದು ಹುಟ್ಟುನುಡಿಯೊಂದೇ. ಕೇಳುವವರಿಲ್ಲದೆ ಅದನ್ನೂ ಅವರು ಆಡಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಜೊತೆಗೇ ಇದ್ದರೂ ಪ್ರಯೋಜನವಾಗಲಿಲ್ಲ. "ಅಮ್ಮ ನಂಗೆ ಅವರ ಭಾಷೆ ಕಲಿಸ್ಲೇ ಇಲ್ಲ. ನಾನೂ ಕೇಳ್ಲಿಲ್ಲ," ಎನ್ನುವಾಗ ಮಗಳ ದನಿ ಇಳಿಯುತ್ತದೆ. ಮಾತಿನ ಅಭ್ಯಾಸ ಮಾಡಿಸಲು ಬರುವ ಚಿಕಿತ್ಸಕಿ ಆಗಲೇ ಎಚ್ಚರಿಸಿದ್ದರು: ಹೀಗೇ ಬಾಯಿ ಕಟ್ಟಿಕೊಂಡು ಕೂತರೆ ಮಾತು ಮರಳುವುದು ಕಷ್ಟ.

ಮೇಡಂ ಮನೆಯಲ್ಲೊಂದು ಉದ್ದ ಮೈಯ, ಮೋಟುಗಾಲಿನ ನಾಯಿ. ಅಕ್ಕ ಅದಕ್ಕಿಟ್ಟ ಹೆಸರು ಬೆಂಚು. ಒಂದು ಬೆಳಿಗ್ಗೆ ಅಕ್ಕ ಅದನ್ನು ವಾಪಸು ತಂದು ಬಿಡುವಾಗ ಮೇಡಂ ಕೈಯೆತ್ತಿ, "ಡಾಕೆಲ್... ಡಾಕೆಲ್" ಎಂದರು. ಅಕ್ಕ "ಅಯ್ಯೋ, ಡಾಕ್ಟರ್ ಅಂತಿದಾರೆ!" ಎಂದು ಕೆಳಮನೆಗೆ ಓಡಿದರು. ಅಲ್ಲಿದ್ದ ಡಾಕ್ಟರು ಹಲ್ಲಿನವರು. ಅವರು ಟವೆಲ್ಲು ಸುತ್ತಿಕೊಂಡೇ ಮಹಡಿ ಹತ್ತಿ ಬಂದು ನಾಡಿ ಹಿಡಿದರು. ಮೇಡಂ ಟವೆಲ್ಲನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಐದು ತಿಂಗಳಲ್ಲಿ ಅದೇ ಮೊದಲ ನಗು. ಮಗಳು ಫೋನಿನಲ್ಲಿ ಹುಡುಕಿದಾಗ ತಿಳಿಯಿತು, ಡಾಕೆಲ್ ಎಂದರೆ ಬೆಂಚುವಿನ ಜಾತಿ!

ಅಂದೇ ಅಕ್ಕ ನಲವತ್ತು ಪುಟದ ನೋಟುಬುಕ್ಕು ತಂದರು. ಮಗಳು ಫೋನಿನಲ್ಲಿ ಪದ ಕೇಳಿಸುವುದು, ಅಕ್ಕ ಬರೆದುಕೊಳ್ಳುವುದು. ಹುಂಟ್ ಎಂದರೆ ನಾಯಿ, ವೆಲ್ಪೆ ಎಂದರೆ ಮರಿ, ನಾಪ್ಫ್ ಎಂದರೆ ಬಟ್ಟಲು. ಶೇಫರ್ ಎಂದರೆ ಕುರಿ ಕಾಯುವವ, ಶೇಫರ್‌ಹುಂಟ್ ಎಂದರೆ ಕುರಿ ಕಾಯುವ ನಾಯಿ. "ಎರಡು ಪದ ಹೊಲಿದು ಒಂದು ಮಾಡ್ತಾರೆ ಅಷ್ಟೆ, ನಮ್ಮ ಮನೆಯವ್ರು ಪ್ಯಾಂಟಿಗೆ ತೇಪೆ ಹಾಕಿದ ಹಾಗೆ," ಎನ್ನುತ್ತಾರೆ ಅಕ್ಕ. ಯಜಮಾನರು ದರ್ಜಿ. ಅವರದು ಒಂದೇ ದೂರು: "ನಿದ್ದೇಲೂ ನಂಗೆ 'ಪ್ಲಾಟ್ಸ್' ಅಂತಾಳೆ ಸಾರ್. ಹಾಗಂದ್ರೆ ಮಲಗು ಅಂತಂತೆ. ಮಲಗೇ ಇದ್ದೀನಲ್ಲ!"

ಮೊದಮೊದಲು ಅಕ್ಕ ಪದ ಹೇಳುವುದು, ಮೇಡಂ ತಲೆಯಾಡಿಸುವುದು, ಅಷ್ಟೇ ಪಾಠ. ಒಂದು ದಿನ ಬ್ಯಾಂಕಿನವರ ದೈತ್ಯ ನಾಯಿಯನ್ನು ತೋರಿಸಿ ಅಕ್ಕ "ಡೆರ್ ಡೋಗೆ" ಎಂದರು. ಮೇಡಂ ಕುರ್ಚಿಯ ಕೈ ಬಡಿದೇಬಿಟ್ಟರು. "ನೈನ್! ಡೀ! ಡೀ ಡೋಗೆ!"

ನೈನ್ ಎಂದರೆ ಅಲ್ಲ, ಡೋಗೆ ಎಂದರೆ ಆ ದೈತ್ಯನ ಜಾತಿ. ಡೆರ್ ಪುಲ್ಲಿಂಗಕ್ಕೆ, ಡೀ ಸ್ತ್ರೀಲಿಂಗಕ್ಕೆ. ಅಕ್ಕ ಬಿಡಲಿಲ್ಲ. "ಅವನು ಗಂಡು ಮೇಡಂ! ದಿನಾ ಕಾಲೆತ್ತೋದನ್ನ ನೋಡೋಳು ನಾನು!" ನಾಯಿ ಗಂಡಾದರೂ ಪದ ಹೆಣ್ಣೇ ಎಂದು ಆಮೇಲೆ ಗೊತ್ತಾಯಿತು. ಅದಕ್ಕಿಂತ ದೊಡ್ಡ ಸಂಗತಿಯೊಂದು ಅಕ್ಕನಿಗೆ ಹೊಳೆದದ್ದೂ ಆಗಲೇ: ಸರಿ ಹೇಳಿದರೆ ಮೇಡಂ ತಲೆಯಾಡಿಸುತ್ತಾರೆ, ತಪ್ಪು ಹೇಳಿದರೆ ಮಾತಾಡುತ್ತಾರೆ.

ಮರುದಿನದಿಂದ ತಪ್ಪುಗಳ ಸುರಿಮಳೆ. ಹಗ್ಗಕ್ಕೆ ಬಟ್ಟಲೆಂದರು, ಗುಂಗುರು ಕೂದಲಿನ ಪೂಡೆಲ್ ನಾಯಿಗೆ ಡಾಕೆಲ್ ಎಂದರು. ಮೇಡಂ ಕೆಂಪಗಾಗಿ ತಿದ್ದಿದರು. "ಬಾಯಿಗೆ ಬಂದಂಗೆ ತಪ್ಪು ಹೇಳಿದ್ರೆ ಅವರಿಗೆ ಅವಮಾನ. ನಂಬೋ ಹಾಗಿರ್ಬೇಕು. ಸರಿಯಾಗಿ ಕಲ್ತ್ರೆ ತಾನೆ ಸರಿಯಾಗಿ ತಪ್ಪೋಕಾಗೋದು?" ಎನ್ನುತ್ತಾರೆ ಅಕ್ಕ. ಹೀಗೆ ತಪ್ಪು ಹೇಳಲೆಂದೇ ಅಕ್ಕ ಕಲಿತ ಪದಗಳು ಈವರೆಗೆ ಮುನ್ನೂರ ಹನ್ನೆರಡು. ಮೂರನೇ ತಿಂಗಳಿಗೆ ಮೇಡಂಗೆ ಗುಟ್ಟು ತಿಳಿಯಿತು. ಬೆರಳಾಡಿಸಿ ಗದರಿದರು, ಆದರೆ ತಿದ್ದುವುದನ್ನು ಬಿಡಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ಬೆಂಚುವಿನ ಕಾಲೊರೆಸುತ್ತಿದ್ದರು. ಅಕ್ಕ ಇನ್ನೂ ಒಂದು ಪದವನ್ನೂ ಆಡಿರಲಿಲ್ಲ. ಮೇಡಂ ತಾವಾಗಿಯೇ, "ಡೆರ್ ಹುಂಟ್ ಹಾಟ್ ಹುಂಗರ್" ಎಂದರು. ನಾಯಿಗೆ ಹಸಿವಾಗಿದೆ. ಪಾರ್ಶ್ವವಾಯುವಾದ ಮೇಲಿನ ಮೊದಲ ಇಡೀ ವಾಕ್ಯ! ಹಲ್ಲುಜ್ಜುತ್ತಿದ್ದ ಮಗಳು ಬಾಯಿತುಂಬ ನೊರೆಯಲ್ಲೇ ಓಡಿಬಂದು ಬಟ್ಟಲಿಗೆ ಊಟ ಸುರಿದರು. ಅಕ್ಕನ ನೋಟುಬುಕ್ಕು ನೋಡಿ ಅವರೂ ಅಷ್ಟು ಕಲಿತಿದ್ದರು. ಅಮ್ಮ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಮಗಳು ಅರ್ಥ ಮಾಡಿಕೊಂಡು ಮಾಡಿದ್ದು ಅದೇ ಮೊದಲು. "ಇಬ್ರೂ ಅಳ್ತಾ ನಗ್ತಾ ಇದ್ರು. ಬೆಂಚು ಮಾತ್ರ ತಲೆ ಎತ್ತದೆ ತಿಂತಾ ಇದ್ದ," ಎನ್ನುತ್ತಾರೆ ಅಕ್ಕ.

ಈಗ ನಾಯಿಯಕ್ಕನಿಗೆ ಏನಾದರೂ ಆಸೆ ಇದೆಯೇ? ಪ್ರಶ್ನೆ ಕೇಳಿದರೆ ಹಗ್ಗದ ಸಿಕ್ಕು ಬಿಡಿಸುತ್ತಲೇ ಹೇಳುತ್ತಾರೆ.

"ನೀವು ಚಿಕ್ಕೋರಿದ್ದಾಗ ನಿಮ್ಮನೇಲಿ ಯಾವ ನಾಯಿ ಇತ್ತು ಅಂತ ಮೇಡಂನ ಕೇಳ್ಬೇಕು. ಕೇಳೋದು ಈಗ್ಲೇ ಬರುತ್ತೆ. ಆದ್ರೆ ಅವ್ರು ಮನಸ್ಸು ಬಿಚ್ಚಿ ಹೇಳೋಕೆ ಶುರು ಮಾಡಿದ್ರೆ ಎಲ್ಲಾ ಅರ್ಥ ಆಗ್ಬೇಕಲ್ಲ? ಅದಕ್ಕೇ ಇನ್ನೊಂದು ವರ್ಷ ಕಲ್ತು ಕೇಳ್ತೀನಿ."