ಗಿಟುಕಿನ ಸದ್ದು

ದುಬೈನ ತಂತ್ರಜ್ಞಾನ ಮೇಳದ ಕೊನೆಯ ಸಂಜೆ ನಮ್ಮ ಮಳಿಗೆಗೆ ಬಂದ ನಡುವಯಸ್ಸಿನವರೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಗೇಮ್ ತಯಾರಿಸುವ ನಮ್ಮ ಸಾಫ್ಟ್‌ವೇರ್ ತೋರಿಸಲು ನಾನು ಮಾಡಿದ್ದ ಪುಟ್ಟ ಆಟವದು. ತೆಂಗಿನಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಗಿಟುಕಾಗಿದೆಯೇ ಎಂದು ಸದ್ದಿನಿಂದಲೇ ಹೇಳಬೇಕು. ತಿಪಟೂರು ಬಳಿಯ ಹಾಲ್ಕುರಿಕೆಯಲ್ಲಿ ಕಾಯಿ ಒಣಗಿಸುವ ನಮ್ಮ ಅಟ್ಟದಲ್ಲೇ ರೆಕಾರ್ಡ್ ಮಾಡಿದ್ದ ಆ ಗಡಗಡ ಸದ್ದನ್ನು ಕೇಳಿ, ಮೂರು ದಿನ ಬಂದವರೆಲ್ಲ ಹೆಡ್‌ಫೋನ್ ಕೆಟ್ಟಿದೆಯೆಂದುಕೊಂಡು ಎದ್ದುಹೋಗಿದ್ದರು.

"ಒಳ್ಳೇ ಗಿಟುಕಾಗೈತೆ ಕಣವ್ವ, ಸುಲೀಬೋದು," ಎಂದರು ಇವರು.

ನನ್ನ ಕಣ್ಣು ತುಂಬಿತು. ಯಾವ ಕಂಪನಿಯವರೆಂದು ಕೇಳುತ್ತ ಕರಪತ್ರ ಚಾಚಿದೆ.

"ಕಂಪನಿ ಏನಿಲ್ಲ ಕಣವ್ವ, ತುರುವೇಕೆರೆ ಕಡೆಯೋನು. ಸ್ಟಾಲ್ ಬಿಚ್ಚಕ್ಕೆ ಬಂದಿವ್ನಿ."

ಸಾಫ್ಟ್‌ವೇರನ್ನು ಯಾರೂ ಕೊಳ್ಳಲಿಲ್ಲ, ಊರಿಗೆ ಮರಳಿ ತಿಪಟೂರಿನ ನಮ್ಮ ಕಚೇರಿಯನ್ನೂ ಮುಚ್ಚಿದೆವು. ಆ ಸದ್ದು ಅರ್ಥವಾದ ಒಬ್ಬರೇ ಒಬ್ಬರ ಕೈಯಲ್ಲಿ ಅಂದು ಸ್ಕ್ರೂಡ್ರೈವರ್ ಇತ್ತು.