ನೋಣಯ್ಯ ಕಳಚಿದ ಪಟ್ಟಿಗಳು

ಎಂಥ ಕಬ್ಬಿಣವನ್ನೂ ಬಗ್ಗಿಸುತ್ತಿದ್ದ ಮಣ್ಣಗುಡ್ಡದ ನೋಣಯ್ಯನ ಬಾಯಲ್ಲಿ ‘ಆಗುವುದಿಲ್ಲ’ ಎಂಬ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಎತ್ತಿನ ಗಾಡಿಗಳ ಗಾಲಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದವನು, ಊರಿಗೆ ಮೋಟಾರುಗಳು ಬಂದ ಮೇಲೆ ಅವುಗಳ ಸ್ಪ್ರಿಂಗು ಕಟ್ಟಲು ಕಲಿತ. ಒಳ್ಳೆಯ ಕೆಲಸಗಾರ. ಒಳ್ಳೆಯವನೂ ಹೌದು, ತೊಂದರೆ ಇದ್ದದ್ದೇ ಅಲ್ಲಿ.

ಮೂವತ್ತಾರನೆಯ ಇಸವಿಯಲ್ಲಿ ಅಕ್ಕಿ ವ್ಯಾಪಾರಿ ಅಬ್ದುಲ್ ರಹ್ಮಾನ್ ತಮ್ಮ ಕಾರನ್ನು ಅವನ ಕುಲುಮೆಯ ಮುಂದೆ ತಂದು ನಿಲ್ಲಿಸಿದರು. ಅವರ ತಾಯಿ ಆಸ್ಯಮ್ಮನಿಗೆ ಮಂಡಿನೋವು, ಅಷ್ಟು ಎತ್ತರದ ಕಾರು ಹತ್ತಲಾಗದು, ಅದನ್ನು ತಗ್ಗಿಸಿ ಕೊಡಬೇಕಿತ್ತು. ಕೂಳೂರು ಹೊಳೆಯಾಚೆ ಆಸ್ಯಮ್ಮನ ಮಗಳು ರುಖಿಯಾಳಿಗೆ ದಿನ ತುಂಬುತ್ತಿತ್ತು. ಹಿಂದಿನ ಹೆರಿಗೆಯಲ್ಲಿ ಸತ್ತು ಬದುಕಿದ್ದ ಆಕೆ, ಈ ಸಲ ತಾಯಿ ಪಕ್ಕದಲ್ಲಿರಲೇಬೇಕೆಂದು ಹೇಳಿ ಕಳಿಸಿದ್ದಳು.

ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿ ಕಟ್ಟಿದ ಸ್ಪ್ರಿಂಗುಗಳು ಅವು; ನೋಣಯ್ಯ ಒಂದೊಂದರಿಂದಲೂ ಎರಡೆರಡು ಪಟ್ಟಿ ಕಳಚಿದ. ಕಾರು ಮೂರು ಬೆರಳು ಇಳಿಯಿತು.

“ಇನ್ನೂ ಸ್ವಲ್ಪ ತಗ್ಗಿಸು ಮಾರಾಯ. ಉಮ್ಮನಿಗೆ ಕಾಲು ಎತ್ತಲಿಕ್ಕೆ ಕಷ್ಟ ಉಂಟು.”

ಇನ್ನು ತೆಗೆದರೆ ಭಾರ ತಡೆಯದೆಂದು ಅವನಿಗೆ ಗೊತ್ತಿತ್ತು. ಬಾಯಿಂದ ಬಂದದ್ದು ಬೇರೆ.

“ಅದಕ್ಕೆಂತ, ಮಾಡುವ ಸಾಹುಕಾರ್ರೇ.”

ಮತ್ತೆ ಎರಡೆರಡು ಪಟ್ಟಿ ಹೋದವು. ಖಾಲಿ ಕಾರನ್ನು ಒಂದು ಸುತ್ತು ಓಡಿಸಿದರು, ಸಲೀಸಾಗಿ ಹೋಯಿತು.

ಆದರೆ ಹೆರುವ ಮಗಳ ಮನೆಗೆ ಯಾರು ಬರಿಗೈಯಲ್ಲಿ ಹೋಗುತ್ತಾರೆ? ನೋವು ಶುರುವಾಗಿದೆಯೆಂದು ಸುದ್ದಿ ಬಂದ ಬೆಳಿಗ್ಗೆ ಕಾರಿಗೆ ಅಕ್ಕಿ ಮೂಟೆ, ಎಣ್ಣೆ ಡಬ್ಬ, ಬುಟ್ಟಿ ತುಂಬ ಕೋಳಿ, ಸೂಲಗಿತ್ತಿ ಹಲೀಮಾ, ಇಬ್ಬರು ಸೊಸೆಯಂದಿರು, ನಡುವೆ ಆಸ್ಯಮ್ಮ. ದಾರಿಯಲ್ಲಿ ಬೇಕಾದೀತೆಂದು ನೋಣಯ್ಯನನ್ನೂ ತುರುಕಿದರು. ಗುಂಡಿ ಸಿಕ್ಕಿದಲ್ಲೆಲ್ಲ ಚಕ್ರದ ಅಚ್ಚು ಮೇಲಿನ ಚೌಕಟ್ಟಿಗೆ ಬಡಿಯಿತು. ಟಯರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ವಾಸನೆ ಬಂತು. ಸಾಮಾನು ಇಳಿಸೋಣ ಎನ್ನಬೇಕಿತ್ತು, ಅವನು ಆಗಲೂ ಸುಮ್ಮನಿದ್ದ.

ಹೊಳೆ ದಾಟಿಸಲು ಜೋಡಿ ದೋಣಿಗೆ ಹಲಗೆ ಹಾಸಿದ ಜಂಗಲ್ ಕಾಯುತ್ತಿತ್ತು. ಮುಂದಿನ ಚಕ್ರ ಅದರ ಮೇಲೇರಿದ್ದೇ ತಡ, ಕಾರಿನ ಹೊಟ್ಟೆ ಏರುಹಲಗೆಯ ಮೇಲೆ ಕೂತುಬಿಟ್ಟಿತು. ಅಡಿಯ ಪೈಪು ಹಲಗೆಗೆ ಸಿಕ್ಕಿ, ಎಲ್ಲರೂ ಇಳಿದು ನೂಕಿದರೂ ಅಲುಗಲಿಲ್ಲ. ಆಚೆಯಿಂದ ಸಣ್ಣ ದೋಣಿ ಕರೆಸಿ, ದಾಟಿ, ಎತ್ತಿನ ಗಾಡಿ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ತಲಪುವಾಗ ನೆರೆಮನೆಯವರ ಕೈಯಲ್ಲೇ ಹೆರಿಗೆ ಮುಗಿದಿತ್ತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದಿದ್ದರು.

ವಾರ ಕಳೆದು, ಪಟ್ಟಿಗಳನ್ನು ಮರಳಿ ಕೂರಿಸಲು ಕಾರು ಬಂದಾಗ ಆಸ್ಯಮ್ಮನೂ ಅದರಲ್ಲಿದ್ದರು. ನೋಣಯ್ಯ ತಲೆ ಎತ್ತಲಿಲ್ಲ.

“ರುಖಿಯಾ ಬೆಳಗ್ಗೆಯಿಂದ ನನ್ನನ್ನೇ ಕರೀತಾ ಇದ್ದಳಂತೆ. ಗಾಡಿ ಹೀಗಾಗ್ತದೆ ಅಂತ ನಿನಗೆ ಗೊತ್ತಿತ್ತಾ ನೋಣಯ್ಯ?”

ಇಲ್ಲವೆಂದರೆ ಮುದುಕಿ ನಂಬುತ್ತಿದ್ದರು.

“ಗೊತ್ತಿತ್ತು ಅಮ್ಮ.”

ಆಸ್ಯಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಒಂದು ಮಾತು ಹೇಳುದಲ್ವಾ? ಕಾರು ಎತ್ತರ ಇದ್ದರೆ ಎಂತ, ನನ್ನನ್ನು ಎತ್ತಿ ಕೂರಿಸಲಿಕ್ಕೆ ನನಗೆ ನಾಲ್ಕು ಗಂಡುಮಕ್ಕಳು ಉಂಟಲ್ಲ.”